ರದ್ದಿವಾಲಾನ ತಕ್ಕಡಿ ಮತ್ತು ನಮ್ಮ ಸೋಫಾದ ಬಾವಿ

ನಮ್ಮ ಮನೆಯ ಸೋಫಾದಲ್ಲಿ ಒಂದು ಬಾವಿ ಇತ್ತು. ಹೆಸರಿಟ್ಟವರು ನಮ್ಮ ಅತ್ತೆ. ಏಪ್ರಿಲ್‌ನಲ್ಲಿ ಗದಗದಿಂದ ಬಂದಿದ್ದರು. ಬಂದ ಎರಡನೇ ದಿನ ಬೆಳಿಗ್ಗೆ ಚಹಾದ ಕಪ್ಪು ಹಿಡಿದುಕೊಂಡು ಮೂರು ಸೀಟಿನ ಸೋಫಾದ ಬಲಗಡೆ ಕೂತರು. ಕೂತವರು ಕೆಳಗೆ ಹೋಗುತ್ತಲೇ ಇದ್ದರು. ಅರ್ಧ ಚಹಾ ಸೀರೆಯ ಮೇಲೆ. ಮೊಣಕಾಲು ಗದ್ದದ ಹತ್ತಿರ.

"ಏನವಾ ಇದು, ಬಾವ್ಯಾಗ ಇಳದಂಗ ಆಗತೈತಿ. ಒಂದು ಹಗ್ಗಾ ಬಿಡು, ಮ್ಯಾಲ ಬರ್ತೀನಿ" ಅಂದರು.

ನಾನು ಒಂದು ಕೈ, ಮಗಳು ಒಂದು ಕೈ ಹಿಡಿದು ಎಬ್ಬಿಸಿದೆವು. ಅತ್ತೆ ನಗುತ್ತಿದ್ದರು. ನನಗೆ ಮಾತ್ರ ನಗು ಬರಲಿಲ್ಲ. ಯಾಕೆಂದರೆ ಆ ಕುಶನ್‌ಗಳ ಒಳಗಿನ ಫೋಮ್ ಹಾಕಿಸಿ ಆಗ ಬರೀ ಆರು ತಿಂಗಳಾಗಿತ್ತು.

ಅದನ್ನು ಮೊದಲು ಹೇಳಿಬಿಡುತ್ತೇನೆ. ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ, ಎರಡನೇ ಮಹಡಿ. ಸೋಫಾ 2009ರಲ್ಲಿ ಬಡಗಿಯ ಕೈಲಿ ಮಾಡಿಸಿದ್ದು, ಸಾಗುವಾನಿ ಮರದ್ದು. ಮೂರು ಸೀಟಿನದು ಒಂದು, ಒಂಟಿ ಸೀಟಿನವು ಎರಡು. ಮರಕ್ಕೆ ಇವತ್ತಿಗೂ ಏನೂ ಆಗಿಲ್ಲ. ಕೂರುವ ಕುಶನ್ ಐದು, ಬೆನ್ನಿನವು ಐದು. ದೀಪಾವಳಿಗೆ ಮುಂಚೆ ಗಲ್ಲಿಯಲ್ಲಿ ಒಬ್ಬ "ಸೋಫಾ ರಿಪೇರ್" ಅಂತ ಕೂಗುತ್ತಾ ಬಂದ. ಕರೆದೆ. ಐದೂ ಸೀಟಿಗೆ ಹೊಸ ಫೋಮ್, 4,500 ರೂಪಾಯಿ. "ಭಾಬೀ, ಚಾಲೀಸ್ ಡೆನ್ಸಿಟಿ ಹೈ, ದಸ್ ಸಾಲ್ ದೇಖನಾ ನಹೀ" ಅಂದ. ನಲವತ್ತು ಡೆನ್ಸಿಟಿ, ಹತ್ತು ವರ್ಷ ನೋಡುವುದೇ ಬೇಡವಂತೆ. ಗಂಟೆಯೊಳಗೆ ತುರುಕಿ ಹೋದ. ಕುಶನ್ ಉಬ್ಬಿಕೊಂಡು ಲಾಡುವಿನ ಹಾಗೆ ಕಾಣುತ್ತಿತ್ತು. ಹಬ್ಬಕ್ಕೆ ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಹೋಳಿ ಹೊತ್ತಿಗೆ ಬಾವಿ.

ಇವರು, ಅಂದರೆ ನಮ್ಮ ಯಜಮಾನರು, ಮಾಮೂಲಿ ಪರಿಹಾರ ಹೇಳಿದರು: "ಹೊಸಾದ ತಗೊಂಡ್ಬಿಡೂಣು." ಒಂದು ಭಾನುವಾರ ಅಂಗಡಿಗೆ ಹೋಗಿಯೂ ಬಂದೆವು. ನಮಗೆ ಹಿಡಿಸಿದ್ದು 42,000. ನಮ್ಮ ಹಳೆಯದಕ್ಕೆ ಎಕ್ಸ್‌ಚೇಂಜ್‌ನಲ್ಲಿ ಎರಡು ಸಾವಿರ ಕಳೆಯುತ್ತಾರಂತೆ. ಸಾಗುವಾನಿಗೆ ಎರಡು ಸಾವಿರ! ನಾನು ಆ ಹೊಸ ಸೋಫಾದ ತಳದ ಕಪ್ಪು ಬಟ್ಟೆಯ ಅಂಚು ಸ್ವಲ್ಪ ಎತ್ತಿ ಇಣುಕಿದೆ. ಒಳಗೆ ಪ್ಯಾಕಿಂಗ್ ಪೆಟ್ಟಿಗೆಯ ಥರದ ಬಿಳಿ ಮರ, ಪ್ಲೈವುಡ್ ತುಂಡು, ಸ್ಟೇಪ್ಲರ್ ಪಿನ್ನು. ಅಂಗಡಿಯ ಹುಡುಗ ಓಡಿ ಬಂದ. ನಾವು ವಡಾಪಾವ್ ತಿಂದು ಮನೆಗೆ ಬಂದೆವು.

ದಾರಿ ತೋರಿಸಿದ್ದು ಮಗಳು. ಹನ್ನೊಂದನೇ ಕ್ಲಾಸು, ಸೈನ್ಸು. ನಾನು "ಚಾಲೀಸ್ ಡೆನ್ಸಿಟಿಯಂತೆ, ಚಾಲೀಸ್ ದಿನಾನೂ ಬರಲಿಲ್ಲ" ಅಂತ ಗೊಣಗುತ್ತಿದ್ದೆ. ಅವಳು ಮೊಬೈಲಿನಿಂದ ತಲೆ ಎತ್ತದೆ ಹೇಳಿದಳು: "ಅಮ್ಮಾ, ಡೆನ್ಸಿಟಿ ಅಂದ್ರೆ ತೂಕ ಭಾಗಿಸು ಗಾತ್ರ. ತೂಗಿ ನೋಡು."

ಅಷ್ಟೇ ಮಾತು. ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಫೋಮ್ ಅಂಗಡಿಯವರು 18, 23, 28, 32, 40 ಅಂತ ಹೇಳುತ್ತಾರಲ್ಲ, ಅದೇನೋ ಕಂಪನಿಯ ನಂಬರ್ ಅಂದುಕೊಂಡಿದ್ದೆ. ಅದು ಸೀದಾ ತೂಕ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಫೋಮ್ ಎಷ್ಟು ಕಿಲೋ ತೂಗುತ್ತದೆ ಅನ್ನೋದು. 40 ಅಂದರೆ 40 ಕಿಲೋ. ನಾವು ಅಳೆಯುವುದು ಇಂಚಿನಲ್ಲಿ, ಹಾಗಾಗಿ ಮಗಳು ಒಂದು ಸುಲಭದ ಲೆಕ್ಕ ಮಾಡಿಕೊಟ್ಟಳು. ಉದ್ದ, ಅಗಲ, ದಪ್ಪ ಮೂರನ್ನೂ ಇಂಚಿನಲ್ಲಿ ಗುಣಿಸಿ. ಬಂದದ್ದನ್ನು ಡೆನ್ಸಿಟಿಯಿಂದ ಗುಣಿಸಿ. 61,000ದಿಂದ ಭಾಗಿಸಿ. ಕಿಲೋ ಬರುತ್ತದೆ. ನಮ್ಮ ಕುಶನ್ 22 ಇಂಚು, 22 ಇಂಚು, 4 ಇಂಚು ದಪ್ಪ. ನಿಜವಾಗಿ 40 ಆಗಿದ್ದರೆ ಒಂದು ಕುಶನ್ 1 ಕಿಲೋ 270 ಗ್ರಾಂ ಇರಬೇಕು. 32 ಆದರೆ ಒಂದು ಕಿಲೋ ಚಿಲ್ಲರೆ. 18 ಆದರೆ 570 ಗ್ರಾಂ.

ಮನೆಯಲ್ಲಿ ಅಷ್ಟು ದೊಡ್ಡ ತುಂಡು ತೂಗುವ ಸಾಧನ ಇರಲಿಲ್ಲ. ಭಾನುವಾರ ಹಳೇ ಪೇಪರು ಕೊಳ್ಳುವ ರದ್ದಿವಾಲಾ ಬರುತ್ತಾನೆ. ಅವನ ಹತ್ತಿರ ಕೊಕ್ಕೆಗೆ ನೇತುಹಾಕಿ ತೂಗುವ ತಕ್ಕಡಿ ಇದೆ. ಆದರೆ ಆ ತಕ್ಕಡಿಯ ಮೇಲೆ ನನಗೆ ಹಳೆಯ ಅನುಮಾನ. ಒಂದು ತಿಂಗಳ ಪೇಪರು ಯಾವತ್ತೂ ನಾನು ಅಂದುಕೊಂಡಷ್ಟು ತೂಗಿದ್ದೇ ಇಲ್ಲ. ಅದಕ್ಕೇ ಮೊದಲು ಅಡುಗೆಮನೆಯಿಂದ ಒಡೆಯದ ಒಂದು ಕಿಲೋ ಸಕ್ಕರೆ ಪ್ಯಾಕೆಟ್ ತಂದು ಕೈಚೀಲದಲ್ಲಿ ಹಾಕಿ "ಇದನ್ನು ತೂಗಪ್ಪ" ಅಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. ತೂಗಿದ. 940 ಗ್ರಾಂ. ಇಬ್ಬರೂ ಏನೂ ಮಾತಾಡಲಿಲ್ಲ.

ಆಮೇಲೆ ಬಾವಿ ಕುಶನ್‌ನ ಜಿಪ್ ಬಿಚ್ಚಿ ಫೋಮ್ ಹೊರಗೆ ಎಳೆದೆ. ಆ ರಿಪೇರಿಯವನು ಸುತ್ತ ತೆಳ್ಳಗೆ ಬಿಳಿ ಫೈಬರ್ ಸುತ್ತಿದ್ದ, ಅದೇ ಆ ಲಾಡುವಿನ ಗುಟ್ಟು. ಅದನ್ನು ಬಿಚ್ಚಿ ಬರೀ ಫೋಮನ್ನು ಸುತಳಿಯಿಂದ ಕಟ್ಟಿ ಕೊಕ್ಕೆಗೆ ಹಾಕಿಸಿದೆ. 560. ಅವನ ತಕ್ಕಡಿಯ ಕಳ್ಳತನ ಕಳೆದು ಲೆಕ್ಕ ಸರಿ ಮಾಡಿದರೂ 600 ದಾಟಲಿಲ್ಲ. ಅಂದರೆ ನನ್ನ ಚಾಲೀಸ್ ಡೆನ್ಸಿಟಿ ಹತ್ತೊಂಬತ್ತರ ಹತ್ತಿರ. ಅದು ಬೆನ್ನಿಗೆ ಇಡುವ ಫೋಮು, ಕೂರುವುದಕ್ಕಲ್ಲ. ರದ್ದಿವಾಲಾ ಪಾಪ, ನಾನು ಫೋಮ್ ಮಾರಲು ತಂದಿದ್ದೇನೆ ಅಂದುಕೊಂಡು, "ಯೇ ಹಮ್ ನಹೀ ಲೇತೇ ಭಾಬೀ" ಅಂತ ಕೈ ಆಡಿಸಿದ. ಅವತ್ತು ಪೇಪರಿನ ತೂಕ ಮಾತ್ರ ಯಾವತ್ತಿಗಿಂತ ಚೆನ್ನಾಗಿ ಬಂತು.

ಇಷ್ಟಾದ ಮೇಲೆ ಕೆಲಸ ನಾನೇ ಮಾಡುವುದು ಅಂತ ಗಟ್ಟಿ ಮಾಡಿದೆ. ನಾನು ಮನೆಯಲ್ಲಿ ಸೀರೆಗೆ ಫಾಲ್-ಬೀಡಿಂಗ್ ಮಾಡಿಕೊಡುವವಳು. ಮದುವೆಯಲ್ಲಿ ತವರಿನವರು ಕೊಟ್ಟ ಉಷಾ ಮಶೀನು ಇದೆ, ಕಾಲಲ್ಲಿ ತುಳಿಯುವುದು. ಹೊಲಿಗೆಗೆ ಹೆದರಿಕೆ ಇಲ್ಲ. ಆದರೂ ತಿಳಿದುಕೊಳ್ಳಲು ಒಬ್ಬ ಸೋಫಾ ಕಾರಿಗಾರನನ್ನು ಕೇಳಿದೆ. ಬಟ್ಟೆ, ಫೋಮ್, ಕೂಲಿ ಎಲ್ಲ ಸೇರಿ 16,500 ಅಂದ. ಜಾಸ್ತಿ ಅಂತ ಹೇಳಲಾರೆ. ಅವನ ಕೆಲಸಕ್ಕೆ ಅಷ್ಟು ಬೆಲೆ ಇದೆ. ನನ್ನ ಹತ್ತಿರ ಅಷ್ಟು ಇರಲಿಲ್ಲ, ಅಷ್ಟೇ.

ಫೋಮ್ ತರುವ ಮುಂಚೆ ಒಂದು ಪರೀಕ್ಷೆ ಮಾಡಿದೆ. ಇದನ್ನು ಎಲ್ಲರೂ ಮಾಡಬೇಕು, ಕಾಸು ಖರ್ಚಿಲ್ಲ. ಕುಶನ್ ತೆಗೆದು ನೆಲದ ಮೇಲಿಟ್ಟು ಕೂರಿ. ನೆಲದ ಮೇಲೂ ಕುಸಿದು ನೆಲ ತಾಗಿದರೆ ತಪ್ಪು ಫೋಮಿನದು. ನೆಲದ ಮೇಲೆ ಚೆನ್ನಾಗಿದ್ದು ಸೋಫಾದ ಮೇಲೆ ಕುಸಿದರೆ ತಪ್ಪು ಕೆಳಗಿನ ತಳದ್ದು. ನಮ್ಮ ಮೂರು ಸೀಟಿನದಕ್ಕೆ ತಳದಲ್ಲಿ ಪ್ಲೈವುಡ್ ಇದೆ, ಅದು ಕಲ್ಲಿನಂತಿತ್ತು. ಒಂಟಿ ಸೀಟುಗಳಿಗೆ ನವಾರ ಪಟ್ಟಿ. ಅದರಲ್ಲಿ ಇವರು ದಿನಾ ಕೂತು ಪೇಪರ್ ಓದುವ ಸೀಟಿನ ನವಾರ ಹಳೆಯ ಹೊರಸಿನ ಹಾಗೆ ಜೋತು ಬಿದ್ದಿತ್ತು. ಅಂಥದ್ದರ ಮೇಲೆ ಎಂಥ ಫೋಮ್ ಹಾಕಿದರೂ ಅದು ಬೋಗುಣಿಯಾಗುತ್ತದೆ.

ಮೇಲಿನ ಮನೆಯ ಅಕ್ಕ ಕುಂದಾಪುರದವರು. ಅವರು ಬಂದು ನೋಡಿ, "ಅದೆಂತಕ್ಕೆ ಇಷ್ಟು ಕಷ್ಟ ಮಾರಾಯ್ತಿ, ಒಂದು ಹಲಗೆ ಇಟ್ಟುಬಿಡು" ಅಂದರು. ಅದೂ ಒಂದು ಉಪಾಯವೇ. ನವಾರದ ಮೇಲೆ ಅರ್ಧ ಇಂಚಿನ ಪ್ಲೈವುಡ್ ತುಂಡು ಇಟ್ಟರೆ ಅವತ್ತೇ ಮುಗಿಯಿತು. ಆದರೆ ಕೂತಾಗ ಅದು ಬಸ್ ಸ್ಟ್ಯಾಂಡಿನ ಬೆಂಚಿನ ಥರ. ನವಾರದ ಸುಖವೇ ಬೇರೆ.

ಆ ನವಾರ ಹಾಕಿದ್ದು ಇಡೀ ಕೆಲಸದಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಭಾಗ. ಹಳೆಯದನ್ನು ಇಕ್ಕಳದಿಂದ ಕಿತ್ತೆವು. ಮೊಳೆ ಒಂದೊಂದೂ ತುಕ್ಕು ಹಿಡಿದು ಅರ್ಧಕ್ಕೇ ಮುರಿಯುತ್ತಿತ್ತು. ಹೊಸ ಪಟ್ಟಿಯ ತುದಿಯನ್ನು ಒಂದು ಇಂಚು ಮಡಿಸಿ ಚಪ್ಪಟೆ ತಲೆಯ ಮೊಳೆ ಹೊಡೆಯಬೇಕು. ಮಡಿಸದೆ ಹೊಡೆದರೆ ಎಳೆ ಬಿಚ್ಚಿಕೊಂಡು ಬರುತ್ತದೆ. ಮೊಳೆಗಳು ಒಂದೇ ಸಾಲಿನಲ್ಲಿ ಬಂದರೆ ಮರ ಸೀಳುತ್ತದೆ, ಹಾಗಾಗಿ ಮೇಲೆ ಮೂರು, ಕೆಳಗೆ ಎರಡು, ಹಲ್ಲು ಹಲ್ಲಾಗಿ. ಆಚೆ ತುದಿಗೆ ಬರೀ ಕೈಯಲ್ಲಿ ಎಳೆದರೆ ಬಿಗಿ ಬರುವುದಿಲ್ಲ. ಒಂದು ಗೇಣುದ್ದದ ಮರದ ತುಂಡಿಗೆ ಪಟ್ಟಿ ಸುತ್ತಿ, ಅದರ ಅಂಚನ್ನು ಸೋಫಾದ ಚೌಕಟ್ಟಿಗೆ ಆನಿಸಿ, ಕೆಳಗೆ ಅದುಮಿದರೆ ಪಟ್ಟಿ ಬಿಗಿಯುತ್ತದೆ. ಅದುಮುವುದು ಇವರು, ಮೊಳೆ ಹೊಡೆಯುವುದು ನಾನು. ಬೆರಳಿಂದ ಮೀಟಿದರೆ ತಂಬೂರಿಯ ಹಾಗೆ ಟಿಂಗ್ ಅನ್ನಬೇಕು. ಉದ್ದಕ್ಕೆ ಐದು, ಅಡ್ಡಕ್ಕೆ ಐದು. ಅಡ್ಡದ್ದನ್ನು ಹೊರಸು ಹೆಣೆದ ಹಾಗೆ ಒಂದರ ಮೇಲೆ ಒಂದರ ಕೆಳಗೆ ತೂರಿಸಿದೆವು. ಇವರ ಹೆಬ್ಬೆರಳಿಗೆ ಒಂದು ಏಟು ಬಿತ್ತು. ಅದು ನನ್ನ ತಪ್ಪಲ್ಲ ಅಂತ ಇವತ್ತಿಗೂ ಹೇಳುತ್ತೇನೆ.

ಫೋಮಿಗೆ ಉಲ್ಲಾಸನಗರಕ್ಕೆ ಹೋದೆವು, ನಾನು ಮತ್ತು ಮಗಳು. ಡೊಂಬಿವಲಿಯವರಿಗೆ ಅದು ದೂರವೇನಲ್ಲ. ಲೋಕಲ್ ಟ್ರೇನಿನಲ್ಲಿ ಠಾಕುರ್ಲಿ, ಕಲ್ಯಾಣ, ವಿಠ್ಠಲವಾಡಿ, ಆಮೇಲೆ ಉಲ್ಲಾಸನಗರ. ದೇಶ ಇಬ್ಭಾಗವಾದಾಗ ಸಿಂಧ್‌ನಿಂದ ಬಂದವರನ್ನು ಇಲ್ಲಿಯ ಮಿಲಿಟರಿ ಕ್ಯಾಂಪ್‌ಗಳಲ್ಲಿ ಇರಿಸಿದ್ದರು. ಈಗಲೂ ಅಲ್ಲಿ ವಿಳಾಸ ಹೇಳುವುದು ಕ್ಯಾಂಪ್ ನಂಬರ್ ಹಿಡಿದೇ. ಫರ್ನಿಚರ್ ಬಜಾರ್ ಅಂದರೆ ಸುತ್ತಮುತ್ತಲಿನವರೆಲ್ಲ ಹೋಗುವ ಜಾಗ. ಸೋಫಾ ಮಾಡುವವರಿದ್ದ ಮೇಲೆ ಫೋಮು, ರೆಗ್ಜಿನ್, ನವಾರ, ಮೊಳೆ ಎಲ್ಲ ಅಲ್ಲೇ ಸಿಗಬೇಕಲ್ವಾ?

ಮೂರು ಅಂಗಡಿ ಸುತ್ತಿ ನಾಲ್ಕನೆಯದರಲ್ಲಿ ನಿಂತೆವು. ವಯಸ್ಸಾದ ಸಿಂಧಿ ಕಾಕಾ. ನಾನು "40 ಡೆನ್ಸಿಟಿ ಕೊಡಿ, ಆದರೆ ತೂಗಿ ತೋರಿಸಬೇಕು" ಅಂದೆ. ಮೊದಲಿನ ಮೂರು ಅಂಗಡಿಯಲ್ಲಿ ಈ ಮಾತಿಗೆ ಮುಖ ತಿರುಗಿಸಿದ್ದರು. ಕಾಕಾ ಮಾತ್ರ ನಕ್ಕುಬಿಟ್ಟರು. ತುಂಡು ಎತ್ತಿ ತಕ್ಕಡಿಯ ಮೇಲಿಟ್ಟರು. ಆಮೇಲೆ ಅವರದೇ ಪಾಠ ಶುರು.

ತೂಕ ಒಂದನ್ನೇ ನಂಬಬೇಡಿ ಅಂದರು. ಕೆಲವು ಫೋಮಿಗೆ ಸುಣ್ಣದ ಕಲ್ಲಿನ ಪುಡಿ ಬೆರೆಸಿ ತೂಕ ಬರಿಸುತ್ತಾರೆ. ಅಂಥದ್ದನ್ನು ಹಿಂಡಿ ಬಿಟ್ಟರೆ ಸೋಮಾರಿಯ ಹಾಗೆ ನಿಧಾನಕ್ಕೆ ಏಳುತ್ತದೆ, ಕತ್ತರಿಸಿದ ಕಡೆ ಉಜ್ಜಿದರೆ ಬೆರಳಿಗೆ ಪುಡಿ ಹತ್ತುತ್ತದೆ. ಒಳ್ಳೆಯದು ಕೈ ಬಿಟ್ಟ ಕೂಡಲೇ ಎದ್ದು ನಿಲ್ಲಬೇಕು. ಇನ್ನೊಂದು, ಡೆನ್ಸಿಟಿ ಬೇರೆ, ಗಟ್ಟಿತನ ಬೇರೆ. ಎರಡು ತುಂಡು ಮುಂದಿಟ್ಟು ಒತ್ತಿ ನೋಡಿ ಅಂದರು. ಒಂದು ಮೆತ್ತಗೆ, ಒಂದು ಗಟ್ಟಿ. ಎರಡೂ 40. ಡೆನ್ಸಿಟಿ ಹೇಳುವುದು ಬಾಳಿಕೆಯನ್ನು, ಕೂತಾಗಿನ ಸುಖವನ್ನಲ್ಲ. ಇದು ನನಗೆ ಹೊಸದು. ಎಚ್‌ಆರ್ ಫೋಮ್ ಅಂತ ಇನ್ನೂ ಒಂದು ತೋರಿಸಿದರು, ಚೆಂಡಿನ ಹಾಗೆ ಪುಟಿಯುತ್ತದೆ. ಬೆಲೆ ಕೇಳಿ ವಾಪಸ್ ಕೊಟ್ಟೆ.

ಅತ್ತೆಯ ವಿಷಯ ಹೇಳಿದಾಗ ಕಾಕಾ ಒಳಗಿಂದ ಬೇರೆ ಒಂದು ಹಲಗೆ ತಂದರು. ರೀಬಾಂಡೆಡ್ ಫೋಮ್. ಫೋಮಿನ ಚೂರುಗಳನ್ನೆಲ್ಲ ಅಂಟು ಹಾಕಿ ಒತ್ತಿ ಮಾಡಿದ್ದು. ಹಸಿರು, ಗುಲಾಬಿ, ಹಳದಿ, ನೋಡಲು ಹಳೇ ಮನೆಗಳ ಮೊಸಾಯಿಕ್ ನೆಲದ ಹಾಗಿದೆ. ತುಂಬಾ ಗಟ್ಟಿ, ಭಾರವೂ ಜಾಸ್ತಿ. ಕೆಳಗೆ ಎರಡು ಇಂಚು ಇದು, ಮೇಲೆ ಮೂರು ಇಂಚು 40ರ ಫೋಮ್. ಒಟ್ಟು ಐದು ಇಂಚು. ಸೀಟು ಎತ್ತರವಾದಷ್ಟೂ ಮೊಣಕಾಲು ನೋವಿನವರಿಗೆ ಏಳುವುದು ಸಲೀಸು. ಮೆತ್ತಗಿನ ಸೋಫಾ ವಯಸ್ಸಾದವರಿಗೆ ಸುಖ ಅಂತ ನಾವು ಅಂದುಕೊಳ್ಳುತ್ತೇವೆ. ಅವರಿಗೆ ಕೂರುವ ಕಷ್ಟ ಇಲ್ಲ, ಏಳುವ ಕಷ್ಟ. ಆ ಒಂದು ಸೀಟಿಗೆ 850 ಆಯಿತು. ಉಳಿದ ನಾಲ್ಕಕ್ಕೆ 650ರಂತೆ. ಎರಡೂ ಪದರ ಕೂಡಿಸಲು ರಬ್ಬರ್ ಗೋಂದು ಅವರೇ ಹಚ್ಚಿಕೊಟ್ಟರು. ಮನೆಯ ಬಿಳಿ ಫೆವಿಕಾಲ್ ಇದಕ್ಕೆ ಹಾಕಬೇಡಿ, ಒಣಗಿದ ಮೇಲೆ ಹಪ್ಪಳದ ಹಾಗೆ ಗಟ್ಟಿಯಾಗಿ ಕೂತಾಗ ಚುಚ್ಚುತ್ತದೆ.

ಅಳತೆಯ ಬಗ್ಗೆ ಒಂದು ಮಾತು. ಹಳೆಯ ಫೋಮನ್ನು ಅಳೆಯಬೇಡಿ, ಅದು ಕುಗ್ಗಿರುತ್ತದೆ. ಸೋಫಾದ ಸೀಟನ್ನು ಅಳೆಯಿರಿ. ನಾನು ಹಳೇ "ಕರ್ನಾಟಕ ಮಲ್ಲ" ಪೇಪರಿನ ಹಾಳೆಗಳನ್ನು ಅಂಟಿಸಿ ಸೀಟಿನ ಮೇಲೆ ಹರಡಿ ಕತ್ತರಿಸಿ, ಮಡಿಸಿ ಚೀಲದಲ್ಲಿ ಒಯ್ದಿದ್ದೆ. ಬಡಗಿ ಮಾಡಿದ ಸೋಫಾ, ಎಡ ಬಲ ಕಾಲು ಇಂಚು ವ್ಯತ್ಯಾಸ ಇದ್ದೇ ಇರುತ್ತದೆ. ಕವರಿಗಿಂತ ಫೋಮ್ ಅರ್ಧ ಇಂಚು ದೊಡ್ಡದಿರಬೇಕು. ಆಗ ಬಟ್ಟೆ ಸುಕ್ಕಾಗದೆ ತುಂಬಿ ನಿಲ್ಲುತ್ತದೆ. ಕಾಕಾ ಪೇಪರನ್ನು ಫೋಮಿನ ಮೇಲಿಟ್ಟು, ಮೊಳದುದ್ದದ ಚೂರಿಯಿಂದ ಒಂದೇ ಎಳೆತಕ್ಕೆ ಕತ್ತರಿಸಿದರು. ಬೆಣ್ಣೆ ಕತ್ತರಿಸಿದ ಹಾಗೆ. ಆ ಪೇಪರು ಯಾವ ಭಾಷೆ ಅಂತ ಕೇಳಿದರು. ಕನ್ನಡ ಅಂದೆ. "ಜಿಲೇಬಿ ಜೈಸಾ ಹೈ" ಅಂದರು. ಎಲ್ಲರೂ ಹೇಳುವುದು ಅದನ್ನೇ ಬಿಡಿ.

ಐದು ತುಂಡನ್ನೂ ಸುತಳಿಯಿಂದ ಕಟ್ಟಿ ಲಗೇಜ್ ಡಬ್ಬಾದಲ್ಲಿ ಹತ್ತಿದೆವು. ಮಧ್ಯಾಹ್ನದ ಹೊತ್ತು, ಜನ ಕಡಿಮೆ. ಸೊಪ್ಪಿನ ಗಂಟುಗಳು, ಖಾಲಿ ಬುಟ್ಟಿಗಳು, ಒಂದು ಹಳೇ ಸೈಕಲ್ಲಿನ ಚಕ್ರ, ನಾವು. ಫೋಮಿಗೆ ಭಾರವಿಲ್ಲ, ಆದರೆ ಜಾಗ ಒಬ್ಬ ಮನುಷ್ಯನಷ್ಟು. ಮುದುಕರೊಬ್ಬರು ಬಂದವರೇ ಕೇಳದೆ ಕೇಳಿಸದೆ ನನ್ನ ಕಟ್ಟಿನ ಮೇಲೆ ಕೂತುಬಿಟ್ಟರು. ಮಗಳು ನನ್ನನ್ನು ನೋಡಿದಳು. ಇರಲಿ ಅಂದೆ. ಕಲ್ಯಾಣದಲ್ಲಿ ಇಳಿಯುವಾಗ ಅವರು ಫೋಮನ್ನು ಒಮ್ಮೆ ತಟ್ಟಿ "ಏಕ್ ನಂಬರ್" ಅಂದು ಹೋದರು. ನಾನು ತಕ್ಷಣ ನೋಡಿದೆ, ಕೂತ ಗುರುತೂ ಇರಲಿಲ್ಲ.

ಬಟ್ಟೆಯನ್ನೂ ಅವತ್ತೇ ಅಲ್ಲೇ ತಂದಿದ್ದೆ. 54 ಇಂಚು ಪನ್ನದ (ಅಗಲದ) ದಪ್ಪ ಸೋಫಾ ಬಟ್ಟೆ, ಕಂದು ಬಣ್ಣ, ಸಣ್ಣ ಚೌಕಳಿ. ಮೀಟರಿಗೆ 280, ಎಂಟೂವರೆ ಮೀಟರ್. ಮಗಳಿಗೆ ವೆಲ್ವೆಟ್ ಬೇಕಿತ್ತು. ನಮ್ಮ ರಸ್ತೆಯ ಧೂಳಿಗೆ ವೆಲ್ವೆಟ್ ಹಾಕಿದರೆ ವಾರಕ್ಕೊಮ್ಮೆ ಬ್ರಶ್ ಹಿಡಿದು ಕೂರಬೇಕು. ರೆಗ್ಜಿನ್ ಒರೆಸಲು ಸುಲಭ, ನಿಜ. ಆದರೆ ಮೇ ತಿಂಗಳಲ್ಲಿ ಕರೆಂಟ್ ಹೋದಾಗ ರೆಗ್ಜಿನ್ ಮೇಲೆ ಕೂತಿದ್ದೀರಾ? ಏಳುವಾಗ ಚರ್ಮವೂ ಜೊತೆಗೆ ಏಳುತ್ತದೆ. ಕುಶನ್‌ನ ಅಡಿಭಾಗಕ್ಕೆ ಅಗ್ಗದ ಕೋರಾ ಬಟ್ಟೆ ಹಾಕಿದರೆ ಎರಡು ಮೀಟರ್ ಉಳಿಯುತ್ತದೆ ಅಂತ ಅಂಗಡಿಯವನೇ ಹೇಳಿದ. ಬೇಡ ಅಂದೆ. ಎರಡೂ ಕಡೆ ಒಂದೇ ಬಟ್ಟೆ ಇದ್ದರೆ ಮಗುಚಿ ಹಾಕಬಹುದು.

ಕತ್ತರಿಸುವ ಮುಂಚೆ ಬಟ್ಟೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ ಒಣಗಿಸಿದೆ. ಹತ್ತಿ ಬೆರೆತ ಬಟ್ಟೆ ಮೊದಲ ಒಗೆತಕ್ಕೆ ಎಳೆದುಕೊಳ್ಳುತ್ತದೆ. ಹೊಲಿದ ಮೇಲೆ ಎಳೆದುಕೊಂಡರೆ ಫೋಮು ಒಳಗೆ ಹೋಗುವುದಿಲ್ಲ. ಇಷ್ಟು ಜಾಣತನ ತೋರಿಸಿದವಳು ಮೊದಲನೇ ಕವರಿನಲ್ಲೇ ಎಡವಿದೆ. ಹಿಂದಿನ ಅಂಚಿಗೆ 18 ಇಂಚಿನ ಜಿಪ್ ಹಾಕಿದೆ. 22 ಇಂಚಿನ ಫೋಮು 18 ಇಂಚಿನ ಬಾಯಿಗೆ ಹೋಗುತ್ತದೆಯೇ? ನಾನು ತುರುಕಿದೆ, ಮಗಳು ಎಳೆದಳು, ಅತ್ತೆ ಹತ್ತಿರ ಕೂತು "ಕರು ಹಾಕೂ ಮುಂದ ಹಿಂಗ ಆಗತೈತಿ ನೋಡು" ಅಂದರು. ಜಿಪ್ ಕಿತ್ತುಕೊಂಡು ಬಂತು. ಬಿಚ್ಚಿ ಮತ್ತೆ ಹೊಲಿದೆ. ಜಿಪ್ ಹಿಂದಿನ ಅಂಚು ಪೂರ್ತಿ ಇದ್ದು, ಎರಡೂ ಮೂಲೆ ತಿರುಗಿ ಮೂರು ಮೂರು ಇಂಚು ಪಕ್ಕಕ್ಕೆ ಬರಬೇಕು. ಆಗ ಬಾಯಿ ಪೂರ್ತಿ ತೆರೆಯುತ್ತದೆ. ಸಿದ್ಧ ಜಿಪ್ ಕೊಳ್ಳಬೇಡಿ. ಮೀಟರ್ ಲೆಕ್ಕದಲ್ಲಿ ಚೈನ್ ಸಿಗುತ್ತದೆ, ರನ್ನರ್ ಬೇರೆ. ಅದು ತುಂಬಾ ಅಗ್ಗ.

ಫೋಮನ್ನು ಒಳಗೆ ಹಾಕುವ ಉಪಾಯ ಹೇಳುತ್ತೇನೆ. ಇಸ್ತ್ರಿಯವನು ಸೀರೆಗೆ ಹಾಕಿಕೊಡುವ ತೆಳು ಪ್ಲಾಸ್ಟಿಕ್ ಕವರ್ ಇರುತ್ತದಲ್ಲ, ಅದನ್ನು ಬಿಡಿಸಿ ಫೋಮಿಗೆ ಸುತ್ತಿ. ಬರೀ ಫೋಮು ಬಟ್ಟೆಗೆ ಕಚ್ಚಿಕೊಳ್ಳುತ್ತದೆ, ಪ್ಲಾಸ್ಟಿಕ್ ಸುತ್ತಿದರೆ ಜಾರುತ್ತದೆ. ಮಧ್ಯಕ್ಕೆ ಮಡಿಸಿ ಒಳಗೆ ತಳ್ಳಿ, ಮೂಲೆ ಮೂಲೆಗೆ ಕೂರಿಸಿ, ಆಮೇಲೆ ಪ್ಲಾಸ್ಟಿಕ್ಕನ್ನು ಮೆಲ್ಲಗೆ ಎಳೆದು ತೆಗೆಯಿರಿ. ಒಳಗೇ ಬಿಟ್ಟರೆ ಕೂತಾಗ ಚರಪರ ಸದ್ದು, ಮಳೆಗಾಲದಲ್ಲಿ ಬೆವರು.

ಮಶೀನಿಗೆ 18 ನಂಬರಿನ ಸೂಜಿ ಹಾಕಿದೆ. ಫಾಲ್ ಹೊಲಿಯುವ ಸೂಜಿಯಲ್ಲಿ ಈ ಬಟ್ಟೆ ಹೊಲಿಯಲು ಹೋಗಿ ಎರಡು ಮುರಿದಿದ್ದೆ. ಮೂಲೆಯಲ್ಲಿ ಬಟ್ಟೆ ಐದಾರು ಪದರ ಆಗುತ್ತದೆ. ಅಲ್ಲಿ ಪೆಡಲಿನಿಂದ ಕಾಲು ತೆಗೆದು, ಚಕ್ರವನ್ನು ಕೈಯಲ್ಲಿ ತಿರುಗಿಸಿ ಒಂದೊಂದೇ ಹೊಲಿಗೆ ಇಳಿಸಿದೆ. ಅಂಚಿಗೆ ಪೈಪಿಂಗ್ ಹಾಕಲಿಲ್ಲ. ಚೆಂದ ಕಾಣುತ್ತದೆ, ಆದರೆ ಮೊದಲು ಸವೆಯುವುದು ಅದೇ.

ಬೆನ್ನಿನ ಕುಶನ್‌ಗೆ ಹೊಸ ಫೋಮ್ ತರಲೇ ಇಲ್ಲ. ಸೀಟಿನ ಆ ಮೋಸದ ಫೋಮು ಇತ್ತಲ್ಲ, ಅದು ಹುಟ್ಟಿದ್ದೇ ಬೆನ್ನಿಗಾಗಿ. ಕುಸಿದದ್ದು ನಡುಭಾಗ ಮಾತ್ರ. ಅದನ್ನೇ ಬೆನ್ನಿನ ಅಳತೆಗೆ ಕತ್ತರಿಸಿ, ಎರಡೂ ಬದಿಗೆ ರೆಕ್ರಾನ್ ಫೈಬರ್, ಅಂದರೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ನಾರು, ತುಂಬಿದೆ. ಮೂರು ಕಿಲೋ ಸಾಕಾಯಿತು. ಬೆನ್ನಿನಲ್ಲಿದ್ದ ಹದಿನೈದು ವರ್ಷದ ಹಳೇ ಫೋಮು ಮುಟ್ಟಿದರೆ ರವೆಯ ಹಾಗೆ ಉದುರುತ್ತಿತ್ತು. ಅದಕ್ಕೆ ಯಾವ ಉಪಯೋಗವೂ ಹೊಳೆಯಲಿಲ್ಲ, ಎಸೆದೆ.

ಫೈಬರನ್ನು ಕೈಯಲ್ಲಿ ಬಿಡಿಸಿ ಬಿಡಿಸಿ ತುಂಬುವಾಗ ಅತ್ತೆಯೂ ಜೊತೆಗೆ ಕೂತರು. ಅವರಿಗೆ ಪಿಂಜಾರನ ನೆನಪು. ಗದಗದಲ್ಲಿ ಬೇಸಿಗೆ ಬಂದರೆ ಪಿಂಜಾರ ಆ ದೊಡ್ಡ ಬಿಲ್ಲು ಹೆಗಲಿಗೆ ಹಾಕಿಕೊಂಡು ಓಣಿಗೆ ಬರುತ್ತಿದ್ದ. ಅಂಗಳದಲ್ಲಿ ಗಾದಿ ಬಿಚ್ಚಿ, ಗಂಟು ಕಟ್ಟಿದ ಹಳೇ ಹತ್ತಿಯನ್ನು ಬಿಲ್ಲಿನ ತಂತಿಗೆ ಕೊಟ್ಟು ಟೊಂಯ್ ಟೊಂಯ್ ಅಂತ ಹೊಡೆಯುತ್ತಿದ್ದ. ಹಲಗೆಯಂತಿದ್ದ ಹತ್ತಿ ಸಂಜೆಯೊಳಗೆ ಮೋಡ. ಮೇಲೆ ಎರಡು ಕಿಲೋ ಹೊಸ ಹತ್ತಿ ಸೇರಿಸಿದರೆ ಗಾದಿ ಮತ್ತೆ ಹೊಸದು. "ಈ ಫೋಮ್ ಬಡದ್ರ ಏಳತೈತೇನು?" ಅಂದರು. ಏಳುವುದಿಲ್ಲ. ಫೋಮಿನೊಳಗಿನ ಸಣ್ಣ ಗೂಡುಗಳು ಒಮ್ಮೆ ಹರಿದರೆ ಹರಿದವೇ. ಹಾಗಾದರೆ ಹತ್ತಿಯನ್ನೇ ತುಂಬಬಹುದಲ್ಲ ಅಂತ ನಾನೂ ಯೋಚಿಸಿದ್ದೆ. ಇಲ್ಲಿಯೂ ಗಾದಿ ಕಾರ್ಖಾನಾಗಳಿವೆ. ಆದರೆ ಗದಗದ ಒಣ ಹವೆ ಬೇರೆ, ಡೊಂಬಿವಲಿಯ ಜುಲೈ ಬೇರೆ. ಇಲ್ಲಿ ಹತ್ತಿ ನೀರು ಕುಡಿದು ಮುಗ್ಗಲು ವಾಸನೆ ಬರುತ್ತದೆ. ನಾರಿನ ಗಾದಿಯೂ ಒಂದು ದಾರಿ. ತೆಂಗಿನ ನಾರಿಗೆ ರಬ್ಬರ್ ಹಾಲು ಹಾಕಿ ಒತ್ತಿ ಮಾಡುವುದು. ನಮ್ಮ ಮಣಿಪಾಲದವರು ಶುರು ಮಾಡಿದ ಕರ್ಲಾನ್ ಗಾದಿ ಹೆಸರುವಾಸಿಯಾದದ್ದೇ ಆ ನಾರಿನಿಂದ. ಮಲಗಲು ಚೆಂದ, ಸೋಫಾಗೆ ನನಗೆ ಗಟ್ಟಿ ಅನಿಸಿತು.

ಖರ್ಚು ಎಷ್ಟಾಯಿತು ಅಂತ ಎಲ್ಲರೂ ಕೇಳುತ್ತಾರೆ. ಫೋಮ್ 3,450. ಬಟ್ಟೆ 2,380. ಚೈನ್ ಮತ್ತು ರನ್ನರ್ 155, ದಾರ ಮತ್ತು ಸೂಜಿ 100, ನವಾರ ಮತ್ತು ಮೊಳೆ 240, ಫೈಬರ್ 540. ಸ್ಟೇಷನ್ನಿನಿಂದ ಮನೆಗೆ ಆಟೋ 50. ಒಟ್ಟು 6,915. ನನ್ನ ಕೂಲಿ ಹಿಡಿದಿಲ್ಲ. ಮೂರು ವಾರ ಮಧ್ಯಾಹ್ನದ ನಿದ್ದೆ ಬಿಟ್ಟಿದ್ದೇನೆ, ಅದಕ್ಕೆ ಬೆಲೆ ಕಟ್ಟಲು ಇವರು ತಯಾರಿಲ್ಲ. ನಿಮ್ಮ ಕವರ್ ಚೆನ್ನಾಗಿದ್ದು ಜಿಪ್ ಸರಿ ಇದ್ದರೆ ಬಟ್ಟೆ ಹೊಲಿಗೆಯ ಗೋಜಿಗೇ ಹೋಗಬೇಡಿ. ಫೋಮ್ ಮಾತ್ರ ಬದಲಿಸಿ. ಅರ್ಧ ಹಣದಲ್ಲಿ ಒಂದೇ ಸಂಜೆಯ ಕೆಲಸ. ಹೋದ ಸಲದ 4,500 ಸೇರಿಸಿದರೆ ಮಾತ್ರ ಲೆಕ್ಕ ಕಹಿಯಾಗುತ್ತದೆ. ಅದನ್ನು ನಾನು ಸೇರಿಸುವುದಿಲ್ಲ.

ಮೇಲಿನ ಮನೆಯ ಅಕ್ಕ ಈಗ ತಮ್ಮ ದಿವಾನಿನ ಫೋಮ್ ತೂಗಿಸಿದ್ದಾರೆ. ಎಷ್ಟು ಬಂತು ಅಂತ ನನಗೆ ಹೇಳುತ್ತಿಲ್ಲ. ಚೆನ್ನಾಗಿ ಬಂದಿದ್ದರೆ ಹೇಳುತ್ತಿದ್ದರು.

ಒಂದು ಮಳೆಗಾಲ ದಾಟಿದೆ. ವಾಸನೆ ಬಂದಿಲ್ಲ. ಮಳೆಯ ದಿನಗಳಲ್ಲಿ ಮಧ್ಯಾಹ್ನ ಕುಶನ್‌ಗಳನ್ನು ಅಂಚಿನ ಮೇಲೆ ನಿಲ್ಲಿಸಿ ಫ್ಯಾನ್ ಹಾಕುತ್ತಿದ್ದೆ. ಅತ್ತೆ ತಮ್ಮ ಐದು ಇಂಚಿನ ಸೀಟಿನಿಂದ ಯಾರ ಕೈಯೂ ಹಿಡಿಯದೆ ಏಳುತ್ತಾರೆ. ದಸರೆಗೆ ಊರಿಗೆ ಹೋಗುವಾಗ ಆ ಕುಶನ್ ಒಂದನ್ನು ಜೊತೆಗೆ ಒಯ್ಯಲೇ ಅಂತ ಕೇಳಿದ್ದರು. ಪ್ರತಿ ಫೋಮಿನ ಪಕ್ಕದಲ್ಲಿ ಬಾಲ್ ಪೆನ್ನಿನಿಂದ ತೂಕ ಮತ್ತು ತಾರೀಖು ಬರೆದಿಟ್ಟಿದ್ದೇನೆ. ಪ್ರತಿ ತಿಂಗಳ ಒಂದನೇ ತಾರೀಖು ಕುಶನ್‌ಗಳನ್ನು ಮಗುಚಿ ಜಾಗ ಬದಲಿಸಬೇಕು, ಅತ್ತೆಯದೊಂದನ್ನು ಬಿಟ್ಟು. ಒಂದೇ ಕಡೆ ಭಾರ ಬೀಳಬಾರದು ನೋಡಿ.

ಇವತ್ತು ಒಂದನೇ ತಾರೀಖು. ಇವರು ತಮ್ಮ ಸೀಟಿನಲ್ಲಿ ಕೂತು ಪೇಪರ್ ಓದುತ್ತಿದ್ದಾರೆ. ಎರಡು ಸಲ ಹೇಳಿದೆ. "ಇದೊಂದು ಪುಟ" ಅಂದರು. ಆಗಿನಿಂದ ಅದೇ ಪುಟ.